ಭಂಗಿ, ಸಿಬಿಡಿ ಮತ್ತು ಮುಪ್ಪಿನ ಹಸಿವು

ಭಂಗಿ ಗಿಡದಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಯಾನಬಿನಾಯ್ಡ್‌ಗಳಿವೆ. ಅವುಗಳಲ್ಲಿ ಎರಡು ಹೆಸರುವಾಸಿ: ಅಮಲೇರಿಸುವ ಟಿಎಚ್‌ಸಿ ಮತ್ತು ಅಮಲೇರಿಸದ ಸಿಬಿಡಿ, ಅಂದರೆ ಕ್ಯಾನಬಿಡಿಯಾಲ್. ಮನೆಯ ಹಿರಿಯರು ಊಟ ಬಿಟ್ಟು ಮೈ ಇಳಿಯತೊಡಗಿದಾಗ ಸಿಬಿಡಿ ಎಣ್ಣೆಯ ನಾಲ್ಕು ಹನಿ ನಾಲಗೆಯಡಿ ಬಿಟ್ಟರೆ ಹಸಿವು ಮರಳುತ್ತದೆ ಎಂಬ ಮಾತು ಈಗ ಎಲ್ಲೆಡೆ ಹಬ್ಬಿದೆ. ಭಂಗಿಗೂ ಹಸಿವಿಗೂ ಇರುವ ನಂಟನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿ ಪಾಶ್ಚಾತ್ಯ ವೈದ್ಯಕ್ಕೆ ಬರೆದುಕೊಟ್ಟ ಊರು ಕಲ್ಕತ್ತ, ಇಂದಿನ ಕೋಲ್ಕತ್ತ. ಆ ದಾಖಲೆಗಳಲ್ಲಿ ಕಾಣುವ ಹಸಿವು ಟಿಎಚ್‌ಸಿಯದು. ಸಿಬಿಡಿಯ ಬಗ್ಗೆ ದೊರೆತ ಪುರಾವೆ ಬಹುಮಟ್ಟಿಗೆ ಎದುರು ದಿಕ್ಕಿನದು. ಈ ವಿಷಯದಲ್ಲಿ ಆಗುವ ಗೊಂದಲವೆಲ್ಲ ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ಕಟ್ಟುವುದರಿಂದ ಹುಟ್ಟಿದ್ದು.

ಮೆಡಿಕಲ್ ಕಾಲೇಜಿನ ವಾರ್ಡು

ವಿಲಿಯಂ ಬ್ರೂಕ್ ಓಶಾನೆಸಿ ಐರ್ಲೆಂಡಿನ ಲಿಮೆರಿಕ್‌ನವನು, ಎಡಿನ್‌ಬರೋದಲ್ಲಿ ವೈದ್ಯ ಕಲಿತವನು. ಕಾಲರಾ ರೋಗಿಗಳ ರಕ್ತದಲ್ಲಿ ನೀರು ಮತ್ತು ಲವಣ ಬತ್ತಿರುವುದನ್ನು ಇಪ್ಪತ್ತರ ಹರೆಯದಲ್ಲೇ ತೋರಿಸಿಕೊಟ್ಟಿದ್ದ. ನರಕ್ಕೆ ಉಪ್ಪುನೀರು ಏರಿಸುವ ಚಿಕಿತ್ಸೆಯನ್ನು ಥಾಮಸ್ ಲಟ್ಟ 1832ರಲ್ಲಿ ಶುರುಮಾಡಿದ್ದು ಆ ತಿಳಿವಿನ ಮೇಲೆ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಬಂದ ಓಶಾನೆಸಿ, 1835ರಲ್ಲಿ ತೆರೆದ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. ಮುಂದೆ ಇದೇ ಮನುಷ್ಯ ಭಾರತಕ್ಕೆ ತಂತಿ ಟಪಾಲಿನ ಜಾಲ ಹಾಸಿ ‘ಸರ್’ ಪದವಿ ಪಡೆದ.

ಬಜಾರಿನಲ್ಲಿ ಹೂತೆನೆಯ ಗಾಂಜಾ, ರಾಳದ ಚರಸ್, ಎಲೆಯ ಭಂಗಿ ಮೂರೂ ಸಿಗುತ್ತಿದ್ದ ಊರದು. ಓಶಾನೆಸಿ ಮೊದಲು ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿದ, ಹಳೆಯ ನಿಘಂಟುಗಳಲ್ಲಿ ಏನಿದೆ ಎಂದು ಕೇಳಿ ಬರೆದುಕೊಂಡ. ಆಮೇಲೆ ಅಂಟುಅಂಟಾದ ಗಾಂಜಾ ತೆನೆಗಳನ್ನು ಮದ್ಯಸಾರದಲ್ಲಿ ಕುದಿಸಿ ರಾಳ ಇಳಿಸಿಕೊಂಡು ಪ್ರಯೋಗಕ್ಕೆ ತೊಡಗಿದ. ಮೊದಲ ಸರದಿ ಪ್ರಾಣಿಗಳದು. ನೇಪಾಳದ ಚರಸ್ಸನ್ನು ಹತ್ತು ಗ್ರೇನ್ ತಿಂದ ಮಧ್ಯಮ ಗಾತ್ರದ ನಾಯಿಯೊಂದು ಅರ್ಧ ಗಂಟೆಯಲ್ಲಿ ತೂಕಡಿಸಿತು, ಎಚ್ಚೆತ್ತಾಗೆಲ್ಲ ಪರಮ ಸಂತೋಷದಿಂದ ಬಾಲ ಆಡಿಸಿತು, ಹಾಕಿದ ಊಟವನ್ನು ಬಕಬಕನೆ ತಿಂದಿತು, ಆರು ಗಂಟೆಯೊಳಗೆ ಸರಿಹೋಯಿತು. ಭಂಗಿಯ ಹಸಿವಿಗೆ ಪ್ರಯೋಗದ ಮೊದಲ ಸಾಕ್ಷಿ ಈ ನಾಯಿ.

ಮನುಷ್ಯರ ಮೇಲಿನ ಪ್ರಯೋಗ ಅಷ್ಟು ಸುಸೂತ್ರವಾಗಿ ನಡೆಯಲಿಲ್ಲ. 1838ರ ನವೆಂಬರಿನ ಒಂದು ಮಧ್ಯಾಹ್ನ 2 ಗಂಟೆಗೆ, ವಾತರೋಗದಿಂದ ಮಲಗಿದ್ದ ಮೂವರಿಗೆ ತಲಾ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ ರಾಳ ಕೊಡಲಾಯಿತು. ಮೊದಲನೆಯವನು 4 ಗಂಟೆಯ ಹೊತ್ತಿಗೆ ಮಾತಿಗೆ ಮಾತು ಸೇರಿಸುತ್ತ ಹಾಡತೊಡಗಿದ, ಇನ್ನಷ್ಟು ಊಟ ತನ್ನಿರೆಂದು ಕೂಗಿದ, ತನಗೇನೂ ಕಾಯಿಲೆಯಿಲ್ಲ ಎಂದ. 6ಕ್ಕೆ ನಿದ್ದೆಹೋದ. 8ಕ್ಕೆ ನೋಡಿದರೆ ಮೈಮೇಲೆ ಪ್ರಜ್ಞೆಯಿಲ್ಲ. ಉಸಿರಾಟ ಸಮವಾಗಿದೆ, ಆದರೆ ಕೈಯೆತ್ತಿ ಬಿಟ್ಟರೆ ಕೈ ಎತ್ತಿದಲ್ಲೇ ನಿಲ್ಲುತ್ತಿದೆ. ಅವನ ಬೊಂಬೆಯಂಥ ನಿಲುವುಗಳನ್ನು ಕಂಡು ಮಜಾ ತೆಗೆದುಕೊಳ್ಳುತ್ತಿದ್ದ ಎರಡನೆಯವನು ಇದ್ದಕ್ಕಿದ್ದಂತೆ ಗಹಗಹಿಸಿ, ನಾಲ್ಕು ಭೂತಗಳು ತನ್ನನ್ನು ಮಂಚ ಸಮೇತ ಆಕಾಶಕ್ಕೆ ಹಾರಿಸುತ್ತಿವೆ ಎಂದು ಅರಚಿದ. ಸ್ವಲ್ಪ ಹೊತ್ತಿಗೆ ಅವನ ಕೈಕಾಲುಗಳೂ ಹಾಗೇ ಆದವು. ಮೂರನೆಯವನಿಗೆ ಏನೂ ಆಗಲಿಲ್ಲ. ವಿಚಾರಿಸಿದಾಗ ಅವನು ಗಾಂಜಾ ಚಿಲುಮೆ ಸೇದುವ ರೂಢಿಯವನೆಂದು ತಿಳಿಯಿತು. ಒಂದೇ ಔಷಧ, ಒಂದೇ ಅಳತೆ, ಒಂದೇ ಗಂಟೆ, ಮೂರು ಫಲ. ಭಂಗಿಯ ಪ್ರಮಾಣ ನಿಗದಿ ಮಾಡುವುದು ಇಂದಿಗೂ ಏಕೆ ತ್ರಾಸದ ಕೆಲಸ ಎನ್ನುವುದು ಈ ಒಂದು ಸಂಜೆಯಲ್ಲೇ ಕಾಣುತ್ತದೆ.

ನಮ್ಮ ವಿಷಯಕ್ಕೆ ತೀರ ಹತ್ತಿರದ ರೋಗಿ ಮತ್ತೊಬ್ಬ: ಗಟ್ಟಿ ಮೈಕಟ್ಟಿನ ಒಬ್ಬ ಮುದಿ ಕೂಲಿಯಾಳು. ವಾತದ ನೋವೆಂದು ಸೇರಿದ್ದರೂ ಅವನದು ಬರೀ ನೆಪ ಎಂಬುದು ಓಶಾನೆಸಿಯ ಎಣಿಕೆ. ಅವನಿಗೆ ಅರ್ಧ ಗ್ರೇನ್ ಕೊಡಲಾಯಿತು. ಮುದುಕ ಕಥೆ ಹೇಳಿದ, ಸುತ್ತ ನೆರೆದವರಿಗೆ ಹಾಡಿದ, ವಾರ್ಡಿನವರು ಅವನಿಗಾಗಿ ಒಟ್ಟುಮಾಡಿಕೊಟ್ಟ ಇಬ್ಬರ ಊಟವನ್ನು ಒಬ್ಬನೇ ಉಂಡ, ಬೆಳಗಿನವರೆಗೆ ಗಡದ್ದಾಗಿ ನಿದ್ದೆಮಾಡಿದ. ಮರುದಿನ ತಲೆನೋವೂ ಇಲ್ಲ. ಅದೇ ಮದ್ದು ಇನ್ನೊಮ್ಮೆ ಕೊಡಿರೆಂದು ಅಂಗಲಾಚಿದ. ಕೆಲವು ದಿನ ಕೊಟ್ಟು ಮನೆಗೆ ಕಳುಹಿಸಲಾಯಿತು. ಮೊದಲೇ ಆರೋಗ್ಯವಾಗಿದ್ದವನ ಹಸಿವನ್ನು ಔಷಧದ ಗೆಲುವೆಂದು ಎಷ್ಟರಮಟ್ಟಿಗೆ ಎಣಿಸಬೇಕು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಓಶಾನೆಸಿ ತನ್ನ ವಾತರೋಗಿಗಳ ಪ್ರಕರಣಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ನೋವಿನ ಶಮನ ಬಹುಪಾಲು ಮಂದಿಗೆ ಸಿಕ್ಕಿತೆಂದೂ ಹಸಿವಿನ ಏರಿಕೆ ಎಲ್ಲರಲ್ಲೂ ಕಂಡಿತೆಂದೂ ಬರೆದ. ನೋವಿಗೆ ಕೊಟ್ಟ ಮದ್ದು ನೋವಿಗಿಂತ ಖಚಿತವಾಗಿ ಹಸಿವಿನ ಮೇಲೆ ಕೆಲಸ ಮಾಡಿತ್ತು. 1839ರಲ್ಲಿ ಪ್ರಕಟವಾದ ಈ ಬರಹ ಲಂಡನ್ ತಲುಪಿ, ಅಲ್ಲಿನ ಔಷಧ ವ್ಯಾಪಾರಿ ಪೀಟರ್ ಸ್ಕ್ವೈರ್ ರಾಳದ ಸಾರ ತಯಾರಿಸತೊಡಗಿದ. ಓಶಾನೆಸಿಯ ‘ಬೆಂಗಾಲ್ ಡಿಸ್ಪೆನ್ಸೇಟರಿ’ 1842ರಲ್ಲಿ ಬಂತು.

ಸಿದ್ಧಿ, ವಿಜಯಾ ಮತ್ತು ಜಠರಾಗ್ನಿ

ಓಶಾನೆಸಿಗಿಂತ ಎಷ್ಟೋ ಹಿಂದೆ ಆಯುರ್ವೇದದಲ್ಲಿ ಇದು ಗೊತ್ತಿದ್ದ ಸಂಗತಿ. ಭಾವಪ್ರಕಾಶ ಎಂಬ ಗ್ರಂಥ, ವಿಜಯಾ ಎಂದೂ ಕರೆಯುವ ಭಂಗಿಯನ್ನು ಕಹಿ, ಉಷ್ಣ, ಪಾಚಕ, ಮಲ ಕಟ್ಟುವಂಥದು ಎನ್ನುತ್ತದೆ. ಅಗ್ನಿ ಹೆಚ್ಚಿಸುವ ಗುಣವನ್ನು ಮೋಹ, ಮದಗಳ ಜೊತೆಯಲ್ಲೇ ಹೇಳುತ್ತದೆ. ಹಸಿವು ಬೇಕು, ಮದ ಬೇಡ ಎಂಬ ವಿಂಗಡಣೆ ಅಲ್ಲಿಲ್ಲ, ಇದನ್ನು ಮರೆಯಬಾರದು. ಗ್ರಹಣಿ, ಅಗ್ನಿಮಾಂದ್ಯಗಳಿಗೆ ಹೇಳಿದ ಜಾತೀಫಲಾದಿ ಚೂರ್ಣದಲ್ಲಿ ಜಾಯಿಕಾಯಿ, ಲವಂಗ, ಏಲಕ್ಕಿಯ ಜೊತೆ ಭಂಗಿಯೂ ಸೇರುತ್ತದೆ.

ಬಂಗಾಳದಲ್ಲಿ ಎಲೆಯ ಭಂಗಿಗೆ ಸಿದ್ಧಿ ಎಂದೇ ಹೆಸರು. ದುರ್ಗಾಪೂಜೆ ಮುಗಿದು ಪ್ರತಿಮೆ ಗಂಗೆಗೆ ಬಿಟ್ಟ ಮೇಲೆ, ವಿಜಯದಶಮಿಯ ಸಂಜೆ, ಹಾಲು ಸಕ್ಕರೆ ಬೆರೆಸಿದ ಸಿದ್ಧಿಯನ್ನು ಮನೆಮಂದಿ ಗುಟುಕು ಗುಟುಕಾಗಿ ಹಂಚಿಕೊಳ್ಳುವ ಪದ್ಧತಿ ಹಳೆಯ ಮನೆತನಗಳಲ್ಲಿತ್ತು. ನಮ್ಮಲ್ಲಿ ಸುರಪುರ ಸೀಮೆಯ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವಂತೆ, ಅಲ್ಲಿಯೂ ದೇವರು ಮತ್ತು ಅಮಲಿನ ನಡುವೆ ಗೋಡೆಯಿರಲಿಲ್ಲ.

1893ರ ಆಗಸ್ಟಿನಲ್ಲಿ ಕಲ್ಕತ್ತದಲ್ಲಿ ಮೊದಲ ಬೈಠಕ್ ನಡೆಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್, ದೇಶದುದ್ದಕ್ಕೂ 1,193 ಸಾಕ್ಷಿಗಳನ್ನು ವಿಚಾರಿಸಿತು. ಅದರ ಪ್ರಶ್ನಾವಳಿಯಲ್ಲಿ ನಮ್ಮ ವಿಷಯಕ್ಕೆ ಎರಡು ಪ್ರಶ್ನೆಗಳಿವೆ. ಮಿತವಾದ ಸೇವನೆ ಊಟಕ್ಕೆ ಪೂರಕವಾಗಿ, ಜೀರ್ಣಕಾರಿಯಾಗಿ ಒಳ್ಳೆಯದೇ ಎಂದು ಒಂದು ಕಡೆ ಕೇಳಿದರೆ, ಜೀರ್ಣಶಕ್ತಿ ಕೆಡಿಸಿ ಹಸಿವು ಇಂಗಿಸುತ್ತದೆಯೇ ಎಂದು ಇನ್ನೊಂದು ಕಡೆ ಕೇಳಿತು. ಎರಡಕ್ಕೂ ಹೌದೆಂದವರಿದ್ದರು. ಮಿತದಲ್ಲಿ ಹಸಿವು, ಅತಿಯಲ್ಲಿ ಅರುಚಿ ಎಂದು ಊರವರು ಹೇಳಿಕೊಂಡು ಬಂದದ್ದನ್ನೇ ಆಯೋಗದ ಕಡತಗಳು ದಪ್ಪ ಸಂಪುಟಗಳಲ್ಲಿ ಕಟ್ಟಿಟ್ಟವು.

ಕಲ್ಕತ್ತದ ಪೇಟೆಗೆ ಬರುತ್ತಿದ್ದ ಗಾಂಜಾದ ಮುಖ್ಯ ಬೆಳೆ ಇದ್ದದ್ದು ರಾಜಶಾಹಿ ಜಿಲ್ಲೆಯ ನವಗಾಂವ್ ಸುತ್ತ, ಇಂದಿನ ಬಾಂಗ್ಲಾದೇಶದಲ್ಲಿ. ಅಲ್ಲಿ ‘ಪೋದ್ದಾರ್’ ಎಂಬ ಕಸುಬುದಾರರಿದ್ದರು. ಹೂ ಬಿಡುವ ಮುನ್ನ ಹೊಲದಲ್ಲಿ ಸಾಲು ಸಾಲಾಗಿ ನಡೆದು, ಗಂಡು ಗಿಡಗಳನ್ನು ಗುರುತಿಸಿ ಕಿತ್ತು ಹಾಕುವುದು ಅವರ ಕೆಲಸ. ಬೀಜ ಕಟ್ಟದ ಹೆಣ್ಣು ತೆನೆಯಲ್ಲಿ ರಾಳ ದಟ್ಟವಾಗುತ್ತದೆ. ರಾಳ ದಟ್ಟವಾದಷ್ಟೂ ಟಿಎಚ್‌ಸಿ ಹೆಚ್ಚು. ಅಮಲಿಗಾಗಿಯೇ ತಲೆಮಾರುಗಳಿಂದ ಆರಿಸಿ ಬೆಳೆದ ಈ ಬೆಳೆಗೂ, ಇಂದು ಸಿಬಿಡಿ ತೆಗೆಯಲು ಬಳಸುವ ನಾರಿನ ಜಾತಿಯ ಭಂಗಿಗೂ ಗುಣದಲ್ಲಿ ಅಜಗಜಾಂತರ. ಕಲ್ಕತ್ತದ ಹಳೆಯ ಕೀರ್ತಿಯನ್ನು ಸಿಬಿಡಿಯ ಬಾಟಲಿಗೆ ಅಂಟಿಸಲಾಗದು ಎನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಗಿಡ, ಎರಡು ಗುಣ

ಭಂಗಿಯ ರಸಾಯನ ಬಿಡಿಸಲು ನೂರು ವರ್ಷ ಹಿಡಿಯಿತು. 1896ರಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಚರಸ್ಸಿನಿಂದ ಕ್ಯಾನಬಿನಾಲ್ ಎಂಬ ಇನ್ನೊಂದು ಕ್ಯಾನಬಿನಾಯ್ಡ್ ತೆಗೆದರು. 1940ರಲ್ಲಿ ಇಲಿನಾಯ್‌ನ ರೋಜರ್ ಆಡಮ್ಸ್ ಸಿಬಿಡಿಯನ್ನು ಪ್ರತ್ಯೇಕಿಸಿದರು. ಸಿಬಿಡಿಯ ಅಣುರಚನೆ 1963ರಲ್ಲಿ, ಟಿಎಚ್‌ಸಿಯದು 1964ರಲ್ಲಿ ಇಸ್ರೇಲಿನ ರಫೇಲ್ ಮೆಶೂಲಂ ಅವರ ಪ್ರಯೋಗಾಲಯದಲ್ಲಿ ಬಗೆಹರಿಯಿತು. ಟಿಎಚ್‌ಸಿ ಕುಳಿತುಕೊಳ್ಳುವ ಸಿಬಿ1 ಗ್ರಾಹಿ ಮಿದುಳಿನಲ್ಲಿ ಹಸಿವನ್ನು ಆಳುವ ಹೈಪೊಥಲಾಮಸ್‌ನಲ್ಲಿದೆ, ವಾಸನೆಯನ್ನು ಗ್ರಹಿಸುವ ಭಾಗದಲ್ಲೂ ಇದೆ. ದೇಹವೇ ತಯಾರಿಸುವ, ಇದೇ ಗ್ರಾಹಿಗೆ ಒದಗುವ ರಾಸಾಯನಿಕವೊಂದನ್ನು 1992ರಲ್ಲಿ ಪತ್ತೆಮಾಡಿದ ಮೆಶೂಲಂ ತಂಡ, ಸಂಸ್ಕೃತದ ಆನಂದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು.

ಸಿಬಿ1ಗೂ ಹಸಿವಿಗೂ ಇರುವ ನಂಟಿಗೆ ತಿರುಗುಮುರುಗಾದ ಸಾಕ್ಷಿಯೂ ಇದೆ. ಈ ಗ್ರಾಹಿಯನ್ನು ಮುಚ್ಚುವ ರಿಮೊನಬಾಂಟ್ ಎಂಬ ಮಾತ್ರೆ 2006ರಲ್ಲಿ ಯುರೋಪಿನಲ್ಲಿ ಬೊಜ್ಜಿನ ಮದ್ದಾಗಿ ಬಂತು. ತಿಂದವರ ಹಸಿವು ಇಳಿಯಿತು, ತೂಕ ಇಳಿಯಿತು. ಜೊತೆಗೆ ಮನಸ್ಸೂ ಕುಸಿಯಿತು. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ಕಾರಣದಿಂದ 2008ರಲ್ಲಿ ಮಾರಾಟ ನಿಂತಿತು.

ಸಿಬಿಡಿ ಈ ಗ್ರಾಹಿಯನ್ನು ಟಿಎಚ್‌ಸಿಯಂತೆ ಚಾಲೂ ಮಾಡುವುದಿಲ್ಲ, ಅದರ ಕೆಲಸಕ್ಕೆ ಒಂದಿಷ್ಟು ಅಡ್ಡಿಯನ್ನೇ ಮಾಡುತ್ತದೆ. 2012ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಕೊಟ್ಟು ನೋಡಿದಾಗ ಕ್ಯಾನಬಿನಾಲ್ ಆಹಾರ ಸೇವನೆ ಹೆಚ್ಚಿಸಿತು, ಸಿಬಿಡಿ ತಗ್ಗಿಸಿತು. ಮನುಷ್ಯರಲ್ಲಿ ದೊರೆತ ಗಟ್ಟಿ ಮಾಹಿತಿ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧದ್ದು. ಮಕ್ಕಳ ಎರಡು ಕಠಿಣ ಬಗೆಯ ಅಪಸ್ಮಾರಕ್ಕೆ ಅಮೆರಿಕದಲ್ಲಿ 2018ರಲ್ಲಿ ಮಂಜೂರಾದ ಈ ಔಷಧದ ಪರೀಕ್ಷೆಗಳಲ್ಲಿ ಹಸಿವು ಕುಗ್ಗಿದ್ದು ಬೆಲ್ಲದ ನೀರಿನಂಥ ನಾಮಕಾವಾಸ್ತೆ ಔಷಧ ಕುಡಿದವರಲ್ಲಿ 5% ಮಂದಿಗೆ. ದಿನಕ್ಕೆ ಕಿಲೋಗೆ 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 16%, 20 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 22% ಮಂದಿಗೆ. ತೂಕಡಿಕೆ, ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆಯೂ ಆ ಪಟ್ಟಿಯಲ್ಲಿವೆ. ಅಂಗಡಿಯ ಎಣ್ಣೆಯ ಹನಿಗಳಲ್ಲಿ ಇಷ್ಟು ದೊಡ್ಡ ಪ್ರಮಾಣ ಇರುವುದಿಲ್ಲ ಎಂಬ ವಾದ ನಿಜ. ಆದರೆ ಪ್ರಮಾಣ ಚಿಕ್ಕದಾದರೆ ತೊಂದರೆ ಕಡಿಮೆಯಾದೀತೇ ಹೊರತು, ಇಲ್ಲದ ಗುಣ ಬಂದುಬಿಡುವುದಿಲ್ಲ.

ಟಿಎಚ್‌ಸಿಯ ಮಾತು ಬೇರೆ. ಅದರ ಕೃತಕ ರೂಪವಾದ ಡ್ರೊನಾಬಿನಾಲ್ ಏಡ್ಸ್ ರೋಗಿಗಳ ಅರುಚಿಗೆಂದು ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಪಡೆಯಿತು. ಹಿರಿಯರ ಬಗ್ಗೆ ಸದಾ ಉಲ್ಲೇಖವಾಗುವ ಅಧ್ಯಯನ 1997ರದು: ಊಟ ನಿರಾಕರಿಸುತ್ತಿದ್ದ 15 ಮಂದಿ ಆಲ್ಜೈಮರ್ ರೋಗಿಗಳಿಗೆ ಡ್ರೊನಾಬಿನಾಲ್ ಕೊಟ್ಟಾಗ ತೂಕ ಏರಿತು, ರಂಪ ಕಡಿಮೆಯಾಯಿತು; ಒಬ್ಬರಿಗೆ ಫಿಟ್ಸ್ ಬಂತು. ಹದಿನೈದು ಮಂದಿಯ ಮೇಲೆ ಎಷ್ಟು ಭಾರ ಹೊರಿಸಬಹುದು? ದೊಡ್ಡ ಅಧ್ಯಯನಗಳು ಬಂದಾಗ ಉತ್ಸಾಹ ತಣ್ಣಗಾಯಿತು. ಕ್ಯಾನ್ಸರಿನ 469 ರೋಗಿಗಳಲ್ಲಿ 2002ರಲ್ಲಿ ನೋಡಿದಾಗ ಮೆಜೆಸ್ಟ್ರಾಲ್ ಎಂಬ ಹಾರ್ಮೋನು 75% ಮಂದಿಯ ಹಸಿವು ಸುಧಾರಿಸಿದರೆ, ಡ್ರೊನಾಬಿನಾಲ್ 49% ಮಂದಿಯದನ್ನಷ್ಟೇ. 2006ರಲ್ಲಿ 243 ಕ್ಯಾನ್ಸರ್ ರೋಗಿಗಳ ಪರೀಕ್ಷೆಯಲ್ಲಿ ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇದ್ದ ಗಿಡದ ಸಾರ, ಬರಿಯ ಟಿಎಚ್‌ಸಿ, ನಾಮಕಾವಾಸ್ತೆ ಔಷಧ ಮೂರರ ನಡುವೆ ವ್ಯತ್ಯಾಸವೇ ಕಾಣದೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. ಮೆಜೆಸ್ಟ್ರಾಲ್ ಗೆದ್ದಿತೆಂದು ಅದರತ್ತ ವಾಲುವಂತೆಯೂ ಇಲ್ಲ: ರಕ್ತ ಹೆಪ್ಪುಗಟ್ಟಿಸುವ ಅಪಾಯದಿಂದಾಗಿ ವೃದ್ಧರಿಗೆ ಬೇಡವೆಂದು ಅಮೆರಿಕದ ವೃದ್ಧವೈದ್ಯರ ಸಂಘವೇ ಹೇಳುತ್ತದೆ.

ಮುಪ್ಪಿನಲ್ಲಿ ಹಸಿವು ಏಕೆ ಇಂಗುತ್ತದೆ

ವಯಸ್ಸಾದ ಮೇಲೆ ಊಟ ತಗ್ಗುವುದು ಒಂದು ಮಟ್ಟಿಗೆ ಸಹಜ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಹೊಟ್ಟೆ ತುಂಬಿತೆಂದು ಸಾರುವ ಹಾರ್ಮೋನಿನ ಸದ್ದು ಜೋರಾಗುತ್ತದೆ, ಮೂಗು ಮಂದವಾಗುತ್ತದೆ. ಅಮೆರಿಕದ ಜಾನ್ ಮೊರ್ಲಿ 1988ರಲ್ಲಿ ಇದನ್ನು ಮುಪ್ಪಿನ ಅರುಚಿ ಎಂದೇ ಕರೆದರು. ಆದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ 5% ಇಳಿದರೆ, ಅಂದರೆ 50 ಕಿಲೋ ಇದ್ದವರು 47.5ಕ್ಕೆ ಬಂದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಕ್ಷಯ, ಕ್ಯಾನ್ಸರ್, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಮಲಬದ್ಧತೆ, ಸಡಿಲಾದ ಕಟ್ಟುಹಲ್ಲು, ಬಾಯಿಹುಣ್ಣು, ಖಿನ್ನತೆ, ಮರೆವು ಇವೆಲ್ಲ ತಟ್ಟೆಯ ಮುಂದೆ ಬಂದು ಕೂರುತ್ತವೆ.

ಮನೆಯವರ ಕಣ್ಣಿಗೆ ಬೀಳದ ಕಳ್ಳ ಇನ್ನೊಬ್ಬನಿದ್ದಾನೆ, ಮಾತ್ರೆಡಬ್ಬಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಹೃದಯದ ಡಿಗಾಕ್ಸಿನ್, ಮರೆವಿಗೆ ಕೊಡುವ ಡೊನೆಪೆಜಿಲ್, ಕಬ್ಬಿಣದ ಗುಳಿಗೆ, ಕೆಲವು ಖಿನ್ನತೆ ಮದ್ದುಗಳು ಹಸಿವು ಕೆಡಿಸುವುದಕ್ಕೆ ಹೆಸರಾದವು. ಈ ಡಬ್ಬಿಯ ಮೇಲೆ ಸಿಬಿಡಿ ಬಂದು ಕೂತಾಗ ಲೆಕ್ಕ ಇನ್ನಷ್ಟು ಕೆಡುತ್ತದೆ. ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳಿಗೆ ಸಿಬಿಡಿ ತಡೆಯೊಡ್ಡುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್‌ನ ಪ್ರಭಾವ ಏರಿ ರಕ್ತಸ್ರಾವದ ಅಪಾಯ ಬರಬಹುದು. ಅಪಸ್ಮಾರದ ಮದ್ದಾದ ಕ್ಲೋಬಜಮ್‌ನ ಜೊತೆ ಮಂಪರು ಹೆಚ್ಚುತ್ತದೆ. ಅದೇ ಕಾಯಿಲೆಯ ಇನ್ನೊಂದು ಮದ್ದು ವಾಲ್‌ಪ್ರೋಯೇಟ್ ಜೊತೆ ಯಕೃತ್ತು ಸೊರಗುತ್ತದೆ. ಟಿಎಚ್‌ಸಿ ಬೆರೆತಿದ್ದರೆ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದು, ಬೀಳುವುದು, ಗಲಿಬಿಲಿ. ಎಂಬತ್ತರ ಅಜ್ಜಿಗೆ ತೊಡೆಮೂಳೆ ಮುರಿದರೆ ಒಂದು ಹೊತ್ತಿನ ಹಸಿವು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬಾಟಲಿ ಮತ್ತು ಕಾನೂನು

ಮಾದಕ ದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಚರಸ್ ಮತ್ತು ಗಾಂಜಾವನ್ನು, ಅಂದರೆ ರಾಳವನ್ನೂ ಹೂತೆನೆಯನ್ನೂ, ನಿಷೇಧಿಸುತ್ತದೆ. ತೆನೆಯಿಲ್ಲದ ಬಿಡಿ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಭಂಗಿ ಎಲೆಯ ನಿಯಂತ್ರಣ ಆಯಾ ರಾಜ್ಯದ ಅಬಕಾರಿಗೆ ಬಿಟ್ಟದ್ದು; ಪಶ್ಚಿಮ ಬಂಗಾಳದಲ್ಲಿ 1909ರ ಬೆಂಗಾಲ್ ಅಬಕಾರಿ ಕಾಯ್ದೆ ಈಗಲೂ ಜಾರಿಯಲ್ಲಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಭಂಗಿಯನ್ನು ಎನ್‌ಡಿಪಿಎಸ್ ನಿಷೇಧಿಸಿಲ್ಲ ಎಂದೇ ಹೇಳಿತು. ಭಾರತದಲ್ಲಿ ‘ವಿಜಯಾ’ ಹೆಸರಿನಲ್ಲಿ ಮಾರಾಟವಾಗುವ ಎಣ್ಣೆ, ಮಾತ್ರೆಗಳು ಈ ಕಿಂಡಿಯಿಂದಲೇ ಬಂದವು: ಎಲೆಯ ಸಾರ, ಆಯುರ್ವೇದ ಔಷಧದ ಪರವಾನಗಿ. ಭಂಗಿ ಔಷಧ ನಿಯಮಗಳ ‘ಇ-1’ ಪಟ್ಟಿಯಲ್ಲಿ ವಿಷದ್ರವ್ಯವಾಗಿ ಸೇರಿರುವುದರಿಂದ, ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಲೇಬೇಕು.

ಕೊಳ್ಳುವವರು ಮೋಸಹೋಗುವ ಇನ್ನೊಂದು ಜಾಗ ಭಂಗಿ ಬೀಜದ ಎಣ್ಣೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿತು, ಆದರೆ ಸಿಬಿಡಿ ಕಿಲೋಗೆ 75 ಮಿಲಿಗ್ರಾಂ ಮೀರಬಾರದೆಂದು ಕಟ್ಟುಮಾಡಿತು. ಒಂದು ಚಮಚ ಎಣ್ಣೆಯಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರಲಾರದು. ಎಳ್ಳೆಣ್ಣೆಯಂತೆ ಅದೂ ಒಂದು ಅಡುಗೆಯೆಣ್ಣೆ, ಅಷ್ಟೆ.

ಬಾಟಲಿಯ ಮೇಲಿನ ಅಂಕಿಯನ್ನು ನಂಬುವುದೂ ಕಷ್ಟ. ಅಮೆರಿಕದಲ್ಲಿ ಆನ್‌ಲೈನ್ ಮಾರಾಟದ 84 ಸಿಬಿಡಿ ಉತ್ಪನ್ನಗಳನ್ನು ತರಿಸಿ 2017ರಲ್ಲಿ ಪರೀಕ್ಷಿಸಿದಾಗ, ಬರೆದಷ್ಟು ಸಿಬಿಡಿ ಇದ್ದದ್ದು ಶೇಕಡ 31ರಲ್ಲಿ ಮಾತ್ರ. 18 ಬಾಟಲಿಗಳಲ್ಲಿ ಟಿಎಚ್‌ಸಿಯೂ ಸಿಕ್ಕಿತು. ಬ್ರಿಟನ್ನಿನ ಆಹಾರ ಪ್ರಾಧಿಕಾರ 2023ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿಯನ್ನು 70 ಮಿಲಿಗ್ರಾಂನಿಂದ 10ಕ್ಕೆ ಇಳಿಸಿತು. ಸಿಬಿಡಿ ಕುಡಿದ ಹಿರಿಯರೊಬ್ಬರು ನಿಜವಾಗಿಯೂ ಚೆನ್ನಾಗಿ ಉಂಡರೆ, ಲೇಬಲ್ಲಿನಲ್ಲಿ ಬರೆಯದ ಟಿಎಚ್‌ಸಿ ಅದರಲ್ಲಿತ್ತೇ ಎಂದು ಅನುಮಾನಿಸಲು ಕಾರಣವಿದೆ. ರಾತ್ರಿ ನಿದ್ದೆ ಬಂದು, ನೋವು ತಗ್ಗಿ, ಅದರಿಂದ ಊಟ ಸೇರಿರಲೂಬಹುದು.

ಕೋಲ್ಕತ್ತದ ತಟ್ಟೆ

ಹಸಿವು ಕೆರಳಿಸಲು ಬಾಟಲಿಯೇ ಬೇಕೆಂದಿಲ್ಲ. ಬಂಗಾಳಿ ಮಧ್ಯಾಹ್ನದ ಊಟ ಕಹಿಯಿಂದ ತೊಡಗುತ್ತದೆ. ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ ಬೆರೆಸಿದ ಶುಕ್ತೊ, ಇಲ್ಲವೇ ಎಳೆ ಬೇವಿನೆಲೆಯ ಜೊತೆ ಹುರಿದ ಬದನೆ. ಕಹಿ ನಾಲಗೆಯನ್ನು ತೊಳೆದು ಜೊಲ್ಲೂರಿಸುತ್ತದೆ ಎಂಬುದು ಅಲ್ಲಿನ ಅಜ್ಜಿಯರ ನಂಬಿಕೆ. ಮೂಗು ಮಂದವಾದವರಿಗೆ ಗಂಧರಾಜ ನಿಂಬೆಯ ಸಿಪ್ಪೆಯ ಘಾಟು ಅನ್ನದ ಮೇಲೆ ಬಿದ್ದರೆ ಊಟಕ್ಕೆ ಕಳೆ ಬರುತ್ತದೆ. ಆದರೆ ಅದೇ ಊರಿನ ಹಳೆಯ ಕಟ್ಟಳೆಯೊಂದು ಮುದುಕಿಯರ ತಟ್ಟೆಯನ್ನು ಬರಿದು ಮಾಡಿದೆ. ಮೇಲ್ಜಾತಿಯ ವಿಧವೆಯರು ಮೀನು, ಈರುಳ್ಳಿ, ಬೆಳ್ಳುಳ್ಳಿಯನ್ನಷ್ಟೇ ಅಲ್ಲ, ಚನ್ನಂಗಿ ಬೇಳೆಯನ್ನೂ ಬಿಡಬೇಕಿತ್ತು; ಏಕಾದಶಿಗೆ ನಿರಾಹಾರ. ಇಂದು ಸಡಿಲವಾಗಿದ್ದರೂ, ಎಂಬತ್ತು ದಾಟಿದ ಎಷ್ಟೋ ಹೆಂಗಸರು ರೂಢಿ ಬಿಟ್ಟಿಲ್ಲ. ವೃದ್ಧರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 50 ಕಿಲೋ ಇರುವವರಿಗೆ 50ರಿಂದ 60 ಗ್ರಾಂ. ಅನ್ನ, ಆಲೂಗಡ್ಡೆ, ಒಂದು ಲೋಟ ಹಾಲಿನಲ್ಲಿ ಅದು ತುಂಬುವುದಿಲ್ಲ. ಛಾನಾ ಎಂಬ ಪನೀರು, ಮೊಸರು, ಹೆಸರುಬೇಳೆ, ಕಡಲೆಯಿಂದ ತುಂಬಿಸಬೇಕು. ಕೆಲಸಕ್ಕೆಂದು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮಕ್ಕಳ ಹಿಂದೆ ಉಳಿದ ಒಂಟಿ ಮನೆಗಳಲ್ಲಿ ಒಬ್ಬರಿಗಾಗಿ ಒಲೆ ಹಚ್ಚಲು ಬೇಸರ ಎಂಬ ಕಾರಣವೂ ಸೇರುತ್ತದೆ. ಬಾಟಲಿ ತರಿಸುವ ಖರ್ಚಿನಲ್ಲಿ ಮಧ್ಯಾಹ್ನ ಜೊತೆ ಕೂತು ಉಣ್ಣುವ ಒಬ್ಬರ ಏರ್ಪಾಡು ಮಾಡಿದರೆ ಹೆಚ್ಚು ಕೆಲಸವಾದೀತು.

ಔಷಧವೇ ಬೇಕೆಂಬ ಸ್ಥಿತಿ ಬಂದಾಗಲೂ ಭಂಗಿಗಿಂತ ಮೊದಲು ನೋಡಬೇಕಾದವು ಇವೆ. ಕೀಮೋಥೆರಪಿಯಲ್ಲಿರುವ ರೋಗಿಗಳಿಗೆ ಕಡಿಮೆ ಪ್ರಮಾಣದ, 2.5 ಮಿಲಿಗ್ರಾಂ ಓಲಾಂಜಪೈನ್ ಎಂಬ ಮನೋರೋಗದ ಮದ್ದು ಕೊಟ್ಟ ಪುದುಚೇರಿಯ ಜಿಪ್‌ಮರ್ ಆಸ್ಪತ್ರೆಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೂಕ 5%ಕ್ಕಿಂತ ಹೆಚ್ಚು ಏರಿದ್ದು ಔಷಧ ಪಡೆದವರಲ್ಲಿ 60%, ಪಡೆಯದವರಲ್ಲಿ 9%. ಆದರೆ ಇದು ಕ್ಯಾನ್ಸರ್ ರೋಗಿಗಳ ಲೆಕ್ಕ. ಮರೆವಿನ ಕಾಯಿಲೆಯ ವೃದ್ಧರಿಗೆ ಇದೇ ಮಾತ್ರೆ ಅಪಾಯಕಾರಿ, ವೈದ್ಯರ ಚೀಟಿಯಿಲ್ಲದೆ ಮುಟ್ಟುವಂಥದಲ್ಲ. ನುಂಗುವಾಗ ಕೆಮ್ಮು, ಆಹಾರ ಗಂಟಲಲ್ಲಿ ಸಿಕ್ಕುವುದು, ಕಪ್ಪು ಮಲ, ರಾತ್ರಿ ಜ್ವರ, ಎರಡು ಮೂರು ದಿನ ನೀರೂ ಸೇರದಿರುವುದು ಕಂಡರೆ ಯಾವ ಎಣ್ಣೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಮಾತ್ರೆಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗುವುದು ಮೇಲು. ಸಿಬಿಡಿ ಬಾಟಲಿ ಮನೆಯಲ್ಲಿದ್ದರೆ ಅದನ್ನೂ.